ಮಾವನ ಕಾರು ಮೂಗು ನೆಲಕ್ಕಿಟ್ಟಿದ್ದು

"ನಾಳೆ ಸಂಜೆ ನಾಲ್ಕು ಗಂಟೆಗೆ ನಿಮ್ಮಪ್ಪನ ಬಾಯಿಂದ 'ಭೇಷ್' ಅನ್ನಿಸದೇ ಇದ್ರೆ ನಾನು ಲೆಕ್ಕದ ಮೇಷ್ಟ್ರೇ ಅಲ್ಲ!"

ಶನಿವಾರ ಬೆಳಿಗ್ಗೆ ನಮ್ಮ ಮೇಷ್ಟ್ರು ಹೀಗೆಂದು ಘೋಷಿಸಿದಾಗ ಅವರ ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಕೈಯಲ್ಲಿ ಬಾಡಿಗೆಗೆ ತಂದ ಕಟಿಂಗ್ ಮಷೀನು. ಹೆಂಡತಿ ಟೈಲರಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವರು. ಆಗ ಯಾರದೋ ಕೋಟಿನ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದರು. ಬಾಯಿತುಂಬ ಸೂಜಿ ಇದ್ದದ್ದರಿಂದ "ಹ್ಞೂಂ?" ಎಂದಷ್ಟೇ ಅಂದರು. ಮೇಷ್ಟ್ರು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡರು.

ಈ 'ಭೇಷ್' ಎಷ್ಟು ದುಬಾರಿ ಎಂಬುದನ್ನು ನಿಮಗೆ ಹೇಳಲೇಬೇಕು. ಮಾವ ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಕೆಟ್ಟವರಲ್ಲ, ಮಾತು ಮಾತ್ರ ತೂಕದ್ದು. ಅಳಿಯ ಬಡ್ತಿ ಪಡೆದಾಗ "ಹೂಂ" ಎಂದರು. ಅಳಿಯ ತಾನೇ ಏಣಿ ಹತ್ತಿ ಮನೆಗೆಲ್ಲ ಬಣ್ಣ ಬಳಿದಾಗಲೂ "ಹೂಂ". ಹದಿನೈದು ವರ್ಷದಲ್ಲಿ ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ! ಇನ್ನು ಅವರ ಕಾರು. ದುಂಡು ಕಣ್ಣಿನ, ಕೆನೆಬಣ್ಣದ ಆ ಹಳೇ ಕಾರನ್ನು ನಲವತ್ತು ವರ್ಷ ಒರೆಸಿ ಒರೆಸಿ ಸಾಕಿದವರು ಅವರು. ಅತ್ತೆ ಅದನ್ನು 'ನನ್ನ ಸವತಿ' ಎಂದೇ ಕರೆಯುತ್ತಿದ್ದರು. ಹೋದ ವರ್ಷ ಕೀಲಿಕೈ ಒಪ್ಪಿಸುವಾಗ ಮಾವ, ಅಳಿಯ ಚಾಚಿದ ಕೈಯನ್ನು ದಾಟಿ ಮಗಳ ಕೈಗೇ ಕೊಟ್ಟರು. ಮೂರು ತಿಂಗಳ ಹಿಂದೆ ಅವರ ಎರಡೂ ಮಂಡಿಗೆ ಆಪರೇಷನ್ ಆಯಿತು. ಅಂದಿನಿಂದ ಮನೆಯೇ ಸೆರೆಮನೆ. ಭಾನುವಾರ ಮೊದಲ ಸಲ ಹೊರಗೆ ಬರುವವರಿದ್ದರು. ಮಗಳು ಓಡಿಸಬೇಕು, ತಮ್ಮ ಕಾರಿನಲ್ಲೇ ಕೆರೆಯ ಸುತ್ತ ಒಂದು ಸುತ್ತು ಹೋಗಬೇಕು. ಅಷ್ಟೇ ಅವರ ಆಸೆ.

"ಕಾರು ಚೆನ್ನಾಗಿದೆ ಕಣೇ. ಆದ್ರೆ ಮೂಗು ಮೇಲೆತ್ಕೊಂಡು ನಿಂತಿದೆ," ಎಂದರು ಮೇಷ್ಟ್ರು. "ಮುಂದಿನ ಸ್ಪ್ರಿಂಗು ಎರಡನ್ನೂ ತೆಗೆದು ಒಂದೊಂದು ಸುತ್ತು ಕೊಯ್ದುಬಿಟ್ರೆ ಎರಡಿಂಚು ಕೆಳಗೆ ಕೂರುತ್ತೆ. ರಾಜಗಾಂಭೀರ್ಯ! ನಿಮ್ಮಪ್ಪ ಬೆರಗಾಗಿಬಿಡ್ಬೇಕು!"

ಟೈಲರಮ್ಮ ಬಾಯಿಂದ ಸೂಜಿ ತೆಗೆದರು. "ಅದು ಅಪ್ಪನ ಪ್ರಾಣ ರೀ. ಕೊಯ್ಯೋ ಮುಂಚೆ ಗ್ಯಾರೇಜಿನವರನ್ನ ಒಂದು ಮಾತು ಕೇಳಿ."

"ಕೇಳೋದೇನು? ಲೆಕ್ಕ ಲೆಕ್ಕವೇ!"

"ನಾನು ಪ್ಯಾಂಟಿನ ಕಾಲು ಕತ್ತರಿಸೋ ಮುಂಚೆ ಗಿರಾಕಿನ ನಾಲ್ಕು ಹೆಜ್ಜೆ ನಡೆಸಿ ನೋಡ್ತೀನಪ್ಪ."

"ಕಾರು ಪ್ಯಾಂಟಲ್ಲ!" ಎಂದು ಮೇಷ್ಟ್ರು ಅಂಗಳಕ್ಕೆ ದಂಡೆತ್ತಿ ಹೊರಟರು.

ಒಂದು ಮಾತು ಒಪ್ಪಲೇಬೇಕು. ಕೆಲಸ ಮಾತ್ರ ಕಣ್ಣಿಗೊತ್ತಿಕೊಳ್ಳುವ ಹಾಗೆ ಮಾಡಿದರು! ಡಿಕ್ಕಿಯಲ್ಲಿದ್ದ ಮಾವನ ಕಾಲದ ಜಾಕ್ ಏರಿಸಿದರು, ಚಕ್ರ ಬಿಚ್ಚಿದರು, ತೋಳುಗಾತ್ರದ ಸ್ಪ್ರಿಂಗಿಗೆ ಕ್ಲ್ಯಾಂಪು ಹಾಕಿ ಹದವಾಗಿ ಹೊರತೆಗೆದರು. ಹೆಂಡತಿಯ ಟೇಪಿನಲ್ಲಿ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕಿಡಿ ಹಾರಿತು, ಎರಡು ಕಡೆಯಿಂದಲೂ ಕೂದಲೆಳೆ ವ್ಯತ್ಯಾಸವಿಲ್ಲದ ಒಂದೊಂದು ಸುತ್ತು ಠಣ್ ಎಂದು ನೆಲಕ್ಕೆ ಬಿತ್ತು. ಎಲ್ಲ ಮತ್ತೆ ಜೋಡಿಸಿ ಜಾಕ್ ಇಳಿಸಿದರು. ಎದೆಯುಬ್ಬಿಸಿ ಟೇಪು ಹಿಡಿದು ಅಳೆದರು.

ಕಾರಿನ ಮೂಗು ಬೆಳಿಗ್ಗೆ ಇದ್ದದ್ದಕ್ಕಿಂತ ಎರಡು ಬೆರಳು ಮೇಲೆ!

ಕಡಿಮೆ ಮಾಡಿದರೆ ಜಾಸ್ತಿಯಾಗುವುದೇ? ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದ ವ್ಯವಕಲನಕ್ಕೇ ಇದು ಅವಮಾನ! ಮೇಷ್ಟ್ರಿಗೆ ಹಟ ಬಂತು. ಮತ್ತೆ ಎಲ್ಲ ಬಿಚ್ಚಿ ಇನ್ನೊಂದು ಸುತ್ತು ಕೊಯ್ದರು. ಇಳಿಸಿದರೆ ಈಗ ಬೆಳಿಗ್ಗೆ ಇದ್ದಷ್ಟೇ ಎತ್ತರ. ಊಟವನ್ನೂ ಮರೆತು ಮೂರನೇ ಸಲ ಅರ್ಧ ಸುತ್ತು ಹಾರಿಸಿದರು. ಆಗ ಸರಿಯಾಗಿ ಎರಡಿಂಚು ಕೆಳಗೆ! "ಗೆದ್ದೆ!" ಎಂದು ಅಂಗಳದ ಮಧ್ಯೆ ಎರಡು ಕೈಯೆತ್ತಿ ನಿಂತರು.

ಐದು ಗಂಟೆಗೆ ಅಂಗಡಿ ಮುಚ್ಚಿ ಬಂದ ಟೈಲರಮ್ಮ ನೋಡಿ ಮೆಚ್ಚಿದರು. "ನಿಜಕ್ಕೂ ಚೆನ್ನಾಗಿ ಕಾಣುತ್ತೆ ರೀ! ಇರಿ, ಆ ಕಡೆ ನೆರಳಿಗೆ ಹಾಕ್ತೀನಿ." ಹತ್ತಿ ಕೂತು ಕಾರನ್ನು ಎರಡು ಮಾರು ಹಿಂದಕ್ಕೆ ತೆಗೆದುಕೊಂಡರು.

ಉಸ್ಸ್... ಎಂದಿತು ಕಾರು. ದಿನವಿಡೀ ನಿಂತು ಸುಸ್ತಾದ ಎಮ್ಮೆಯಂತೆ ಮುಂಗಾಲು ಮಡಿಸಿ ನಿಧಾನಕ್ಕೆ ಕುಸಿಯಿತು. ಬಂಪರಿಗೂ ನೆಲಕ್ಕೂ ನಡುವೆ ಉಳಿದದ್ದು ಒಂದೇ ಬೆರಳು.

ಮೇಷ್ಟ್ರು ಗ್ಯಾರೇಜಿನವರಿಗೆ ಫೋನು ಹಚ್ಚಿದರು. ಆತ ಎಲ್ಲ ಕೇಳಿಸಿಕೊಂಡು ತಣ್ಣಗೆ ಕೇಳಿದ: "ಜಾಕ್ ಇಳಿಸಿದ್ಮೇಲೆ ಗಾಡಿನ ಹಿಂದೆ ಮುಂದೆ ತಳ್ಳಿದ್ರಾ ಸಾರ್?"

"ಇಲ್ಲವಲ್ಲ..."

"ಇಳಿಸಿದ ತಕ್ಷಣ ಗಾಡಿ ಪೂರ್ತಿ ಕೂರಲ್ಲ ಸಾರ್. ಟೈರು ನೆಲ ಕಚ್ಕೊಂಡಿರುತ್ತೆ. ನಾಲ್ಕಡಿ ಓಡಾಡಿಸಿದ ಮೇಲೇನೇ ಅದರ ನಿಜವಾದ ಎತ್ತರ ಗೊತ್ತಾಗೋದು. ನಿಮಗೆ ಒಂದು ಸುತ್ತೇ ಸಾಕಿತ್ತು."

"ಕೊಯ್ದ ತುಂಡನ್ನ ವೆಲ್ಡಿಂಗ್ ಮಾಡಿ ಅಂಟಿಸಿದ್ರೆ?"

"ಬೇಡಿ ಸಾರ್, ಮುರಿಯುತ್ತೆ! ಹಳೇ ಗಾಡಿ, ಬೇರೆ ಸ್ಪ್ರಿಂಗ್ ಹುಡುಕೋಕೆ ತಿಂಗಳಾಗುತ್ತೆ."

ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇನೆ ಎಂದ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. ಬೇರೆಯವರಾಗಿದ್ದರೆ 'ನಾನು ಹೇಳಲಿಲ್ವಾ' ಎಂದು ವರ್ಷಗಟ್ಟಲೆ ಅಂದಾಡುತ್ತಿದ್ದರು. ಟೈಲರಮ್ಮ ಅಂಥವರಲ್ಲ. ಕಾರನ್ನು ಗೇಟಿನ ತನಕ ಒಯ್ದು ನೋಡಿದರು. ಅಲ್ಲಿನ ಉಬ್ಬಿಗೆ ಬಂಪರು ಕರ್ರೆಂದು ತಾಗಿತು. ಇಳಿದು ಬಂದಾಗ ಕಣ್ಣು ತುಂಬಿತ್ತು.

"ಅಪ್ಪ ಮೂರು ತಿಂಗಳಿಂದ ದಿನ ಎಣಿಸ್ತಿದ್ರು ರೀ."

ಆ ಒಂದು ಮಾತಿಗೆ ಮೇಷ್ಟ್ರು ಹೆಂಡತಿಯ ಟೇಪನ್ನು ಸುತ್ತಿ ಕೆಳಗಿಟ್ಟರು. 'ಭೇಷ್' ಹಾಳಾಗಲಿ, ಮುದುಕರ ಕೆರೆಯ ಸುತ್ತನ್ನೇ ನುಂಗಿ ಹಾಕಿದೆನಲ್ಲ! "ಮಳೆಗೆ ನೆಲ ಕುಸೀತು ಅಂತ ಹೇಳೋಣ್ವಾ?" ಎಂದರು ಮೆಲ್ಲಗೆ.

"ಸುಳ್ಳು ಬೇಡ. ಕೊಯ್ದವರು ನೀವು, ನೀವೇ ಹೇಳಿ."

ಭಾನುವಾರ ಸರಿಯಾಗಿ ನಾಲ್ಕಕ್ಕೆ ಟ್ಯಾಕ್ಸಿ ಬಂತು. ಮಾವ ಕೋಲೂರಿ ಅಂಗಳಕ್ಕೆ ಬಂದರು, ಹಿಂದೆ ಅತ್ತೆ. ಮಾವ ಕಾರಿನ ಮುಂದೆ ನಿಂತು, ನೆಲಕ್ಕಿಳಿದ ಬಂಪರನ್ನು ಕೋಲಿನಿಂದ ತಟ್ಟಿದರು.

"ಎಷ್ಟು ಸುತ್ತು?"

"ಎರಡೂವರೆ, ಮಾವ."

"ತಳ್ಳಿ ನೋಡ್ಲಿಲ್ವಾ?"

"ಇಲ್ಲ ಮಾವ. ತಪ್ಪಾಯ್ತು. ಗೇಟು ದಾಟಲ್ಲ. ನಿಮ್ಮನ್ನ ಕೆರೆಗೆ ಕರ್ಕೊಂಡು ಹೋಗೋಕಾಗಲ್ಲ."

"ಹೂಂ," ಎಂದರು ಮಾವ.

"ಈ ಸವತಿ ಮಂಡಿಯೂರಿ ಕೂತಿದ್ದನ್ನ ನೋಡೋ ಭಾಗ್ಯ ನನಗೂ ಬಂತಪ್ಪಾ!" ಎಂದು ಅತ್ತೆ ಮಾತ್ರ ಸೆರಗು ಬಾಯಿಗಿಟ್ಟು ನಕ್ಕರು.

ಮಾವ ಮುಂದಿನ ಬಾಗಿಲು ತೆಗೆದರು. ಬೆನ್ನು ಮಾಡಿ ನಿಂತು ಧುಪ್ಪನೆ ಸೀಟಿಗೆ ಬಿದ್ದರು. ಕಾಲು ಎರಡನ್ನೂ ಒಂದೊಂದಾಗಿ ಒಳಗೆಳೆದುಕೊಂಡು, ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಸವರಿದರು. "ಗೇಟು ದಾಟದಿದ್ರೆ ಅಷ್ಟೇ ಹೋಯ್ತು. ಗೇಟಿನ ತನಕ ಹೋಗುತ್ತಲ್ಲ? ಸ್ಟಾರ್ಟ್ ಮಾಡು ಮಗಳೇ."

ಅಂಗಳ ಇದ್ದದ್ದು ಹನ್ನೊಂದು ಮಾರು. ಕಾರು ಅಂಗಡಿಯ ಮೆಟ್ಟಿಲಿಂದ ಗೇಟಿಗೆ, ಗೇಟಿಂದ ಮೆಟ್ಟಿಲಿಗೆ ಹೋಯಿತು, ಬಂತು. "ಮುಂದಿನ ಸ್ಟಾಪು ಬಟ್ಟೆ ಒಣಗಿಸೋ ತಂತಿ!" ಎಂದು ಮಾವ ಕೂಗಿದರು. ಹದಿನೈದು ವರ್ಷದಲ್ಲಿ ಅವರ ಬಾಯಿಂದ ತಮಾಷೆಯ ಮಾತನ್ನು ಮೇಷ್ಟ್ರು ಕೇಳಿರಲಿಲ್ಲ. "ಅದೇ ನೀರಿನ ನಲ್ಲಿನ ಎಷ್ಟು ಸಲ ತೋರಿಸ್ತೀರಿ!" ಎಂದು ಹಿಂದಿನ ಸೀಟಿನಿಂದ ಅತ್ತೆ ಗೊಣಗಿದರು, ಇಳಿಯಲು ಮಾತ್ರ ಒಪ್ಪಲಿಲ್ಲ. ಒಂದು ಗಂಟೆ ಹೊತ್ತು ಹೀಗೇ ಸವಾರಿ ನಡೆಯಿತು. ಟೈಲರಮ್ಮ ನಗುತ್ತಾ ಸ್ಟೇರಿಂಗ್ ತಿರುವುತ್ತಿದ್ದರೆ, ಮೇಷ್ಟ್ರು ಗೇಟಿನ ಬಳಿ ನಿಂತು "ಬರ್ಲಿ, ಬರ್ಲಿ... ಸಾಕು!" ಎನ್ನುತ್ತಾ ಹೆಂಡತಿಯ ಮುಖವನ್ನೇ ಅಭಿಮಾನದಿಂದ ನೋಡುತ್ತಿದ್ದರು.

ಇಳಿಯುವ ಹೊತ್ತಿಗೆ ಬಂತು ಪೇಚು. ಸೀಟು ಪಾತಾಳದಲ್ಲಿ, ಮಾವನ ಮಂಡಿ ಮಡಚದು. ಮೇಷ್ಟ್ರು ಕೈ ಹಿಡಿದು ಎಳೆದರು, ಟೈಲರಮ್ಮ ಬೆನ್ನಿಗೆ ಒತ್ತು ಕೊಟ್ಟರು. ಮಾವ ಎದ್ದಷ್ಟೇ ಬೇಗ ಮತ್ತೆ ಒಳಕ್ಕೆ ಜಾರಿದರು.

ಮೇಷ್ಟ್ರ ತಲೆಯಲ್ಲಿ ಮಿಂಚು ಹೊಡೆಯಿತು. ಉಳಿದವರನ್ನೆಲ್ಲ ಇಳಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಮಾವನ ಪಕ್ಕದಲ್ಲಿ ಕಾರಿನಡಿಗೆ ಜಾಕ್ ಇಟ್ಟು ತಿರುವತೊಡಗಿದರು. ಬೆವರು ಕಿತ್ತುಕೊಂಡಿತು, ಅಂಗಿ ಬೆನ್ನಿಗಂಟಿತು. ಕಾರು ಇಂಚಿಂಚಾಗಿ ಮೇಲೇರಿತು, ಅದರೊಂದಿಗೆ ಮಾವನೂ ಏರಿದರು. ಸೀಟು ಸೊಂಟದ ಮಟ್ಟಕ್ಕೆ ಬಂದದ್ದೇ ಅವರು ಕಾಲು ಹೊರಗಿಟ್ಟು, ಯಾರ ಆಸರೆಯೂ ಇಲ್ಲದೆ, ಸಲೀಸಾಗಿ ನೆಲದ ಮೇಲೆ ನಿಂತುಬಿಟ್ಟರು!

ಮಾವ ಬಾಗಿ ನೋಡಿದರು. ಮುಖ ಅರಳಿತು.

"ಭೇಷ್!"

ಮೇಷ್ಟ್ರು ಜಾಕಿನ ಹಿಡಿಯನ್ನು ಹಿಡಿದುಕೊಂಡೇ ಎದ್ದು ನಿಂತರು. ಹದಿನೈದು ವರ್ಷ! ಕಣ್ಣು ಮಂಜಾಯಿತು. ಹೆಂಡತಿಯ ಕಡೆ ತಿರುಗಿ 'ಕೇಳಿಸ್ಕೊಂಡ್ಯಾ?' ಎಂದು ಹುಬ್ಬು ಹಾರಿಸಿದರು.

ಮಾವ ಮಗಳನ್ನು ಹತ್ತಿರ ಕರೆದು ಕೋಲಿನಿಂದ ತೋರಿಸುತ್ತಿದ್ದರು.

"ನಲವತ್ತು ವರ್ಷ ಆಯ್ತು ನೋಡು ಮಗಳೇ, ಎಂಥವರ ಕೈಗೆ ಸಿಕ್ಕಿದ್ರೂ ಒಂದಿಷ್ಟೂ ಜಾರಲ್ಲ ನಮ್ಮ ಜಾಕು!"