ಹತ್ತಿದ್ದಲ್ಲ, ಇಳಿದದ್ದು

ಬಾಯಿ ಬಿಡಬಾರದ ಕೆಲಸದಲ್ಲಿದ್ದವನ ಊರಿಗೆ ಬಾಯಿ ಜಾಸ್ತಿ. ನಾನು ನೌಕಾಪಡೆಯಲ್ಲಿ ಅಣುಶಕ್ತಿಯಿಂದ ಓಡುವ ಜಲಾಂತರ್ಗಾಮಿಯ ಹೊಟ್ಟೆಯೊಳಗೆ ದುಡಿದವನು. ಅದನ್ನು ಯಾರಿಗೂ ಬಿಡಿಸಿ ಹೇಳುವಂತಿರಲಿಲ್ಲ. ಹಾಗಾಗಿ ರಜೆಯಲ್ಲಿ ಕುಂದಾಪುರದಲ್ಲಿ ಬಸ್ಸಿಳಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗುತ್ತಲೇ ಇತ್ತು.

೧. ಮಾತು

ನಮ್ಮೂರು ಕುಂದಾಪುರದ ಪಕ್ಕದ ಕೋಡಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಪ್ಪನ ದೋಣಿ ಮಗುಚಿತ್ತು. ಅಪ್ಪ ಬರಲಿಲ್ಲ. ಅಮ್ಮ ಮೀನು ಮಾರಿ ನನ್ನನ್ನು ಓದಿಸಿದಳು. 1997ರಲ್ಲಿ ನೇವಿಯ ಕಾಗದ ಬಂದಾಗ ಅವಳು ಕೇಳಿದ್ದು ಒಂದೇ.

"ದೋಣಿ ಹತ್ತುದಿಲ್ಲೆ ಅಂದ್ ಮಾತ್ ಕೊಡ್."

"ದಡದ್ ಮೇಲೂ ಕೆಲ್ಸ ಇತ್ತಮ್ಮ. ಬಾಯ್ಲರ್ ನೋಡ್ಕಂಬ್ದ್," ಅಂದೆ. ಆಗ ನಾನೂ ಹಾಗೆಯೇ ನಂಬಿದ್ದೆ.

"ಹಂಗಾರೆ ಅಡ್ಡಿಲ್ಲ. ಅಷ್ಟ್ ಜನಕ್ಕೆ ಅನ್ನ ಬೇಯ್ಸುಕೂ ಯಾರಾರೂ ಬೇಕಲ್ದಾ?"

ಕೆಲವು ವರ್ಷಗಳಲ್ಲಿ ನನ್ನನ್ನು ಜಲಾಂತರ್ಗಾಮಿಗೆ ಆರಿಸಿದರು. ಅಮ್ಮನಿಗೆ ಹೇಳಲು ಧೈರ್ಯ ಬರಲಿಲ್ಲ. ಗೊತ್ತಾದರೆ ಅವಳ ಎದೆ ಒಡೆದುಹೋದೀತೆಂಬ ಹೆದರಿಕೆ. ಅವಳೂ ಕೇಳಲಿಲ್ಲ, ಹೊರಟವರನ್ನು "ಎಲ್ಲಿಗೆ" ಎಂದು ಕೇಳಿದರೆ ಅಪಶಕುನ ಎನ್ನುವವರು ನಾವು. ದೇಶದ ಗುಟ್ಟನ್ನು ಉಳಿಸಿದ್ದು ನೇವಿಯ ಕಟ್ಟುನಿಟ್ಟೋ, ಕೋಡಿಯ ಶಕುನವೋ ನನಗಂತೂ ಗೊತ್ತಿಲ್ಲ. ಊರ ಪಾಲಿಗೆ ಮಾತ್ರ ನಾನು ನೇವಿಯ ಅಡುಗೆಭಟ್ಟನಾದೆ.

೨. ಮುಂದಿನ ದಾರಿ

ಹೆಣ್ಣು ನೋಡಲು ಬ್ರಹ್ಮಾವರದ ಕಡೆ ಹೋಗಿದ್ದೆವು. ಹುಡುಗಿಯ ಅಪ್ಪ ಬೇಸಾಯದವರು, ಕಿವಿ ಸ್ವಲ್ಪ ಮಂದ.

"ಕೆಲ್ಸ ಎಂತದ್?"

"ರಿಯಾಕ್ಟರ್ ಆಪರೇಟರ್."

ಅವರ ಮುಖ ಅರಳಿತು. "ಪೆನ್ಶನ್ ಆದ್ ಮೇಲೆ?"

"ಹೊರಗೂ ಬೇಡಿಕೆ ಇತ್ತ್. ಅದನ್ ನಡ್ಸುವರ್ ಕಮ್ಮಿ."

"ಹೌದ್ ಮಾರಾಯ್ರೆ! ನಾಟಿ ಟೈಮಿಗೆ ನಮ್ಮೂರಗೂ ಒಬ್ರೂ ಸಿಕ್ಕುದಿಲ್ಲೆ."

ಸರಿಯಾಗಿ ಅರ್ಥವಾಗದಿದ್ದರೂ ತಲೆಯಾಡಿಸಿದೆ. ಮದುವೆಯಾದ ಮೊದಲ ಮಳೆಗಾಲ ಮಾವ ಗದ್ದೆಯ ಬದುವಿಗೆ ಕರೆದೊಯ್ದು ಟ್ರ್ಯಾಕ್ಟರಿನ ಕೀಲಿ ಕೈಗಿಟ್ಟರು. ಆಗ ಅರ್ಥವಾಯಿತು. ಮರ್ಯಾದೆ ಪ್ರಶ್ನೆ, ಹತ್ತಿ ಕುಳಿತೆ. ಗಾಡಿ ಹಿಂದಕ್ಕೆ ಹೋಗಿ ನಾಲ್ಕು ಬಾಳೆಗಿಡ ಮಲಗಿಸಿತು. ಮಾವ ಅತ್ತೆಗೆ ಹೇಳುತ್ತಿದ್ದರು: "ನಮ್ ದೇಶದ್ ನೇವಿ ಕಥಿ ಎಂತ ಆಯ್ಕಂಡಿತ್ತೋ ಕಾಣ್!"

೩. ನೀರು ನೋಡುವವನು

ಒಮ್ಮೆ ರಜೆಯಲ್ಲಿದ್ದಾಗ ಬೈಂದೂರಿನ ಕಾಲೇಜೊಂದರಲ್ಲಿ ಉದ್ಯೋಗದ ಬಗ್ಗೆ ಮಾತಾಡಲು ಕರೆದಿದ್ದರು. ಅಣುಸ್ಥಾವರದಲ್ಲಿ ರಿಯಾಕ್ಟರ್ ನಡೆಸುವವರು ಬೇರೆ, ಟರ್ಬೈನಿನವರು ಬೇರೆ, ವಿದ್ಯುತ್ತಿನವರು ಬೇರೆ, ವಿಕಿರಣ ಅಳೆಯುವವರು ಬೇರೆ ಎಂದು ಎಲ್ಲರಿಗೂ ಗೊತ್ತಿರುವಷ್ಟನ್ನೇ ಹೇಳಿದೆ. ರಿಯಾಕ್ಟರಿನೊಳಗೆ ಸುತ್ತುವ ನೀರು ಶುದ್ಧವಿದೆಯೇ ಎಂದು ನೋಡುವುದೂ ಒಂದು ವಿದ್ಯೆ, ನಾನು ಅದನ್ನೂ ಕಲಿತೆ ಎಂದೆ. ಉಳಿದ ಪ್ರಶ್ನೆಗಳಿಗೆಲ್ಲ "ಹೇಳುವಂತಿಲ್ಲ."

ಮರುವಾರ ಹಟ್ಟಿಯಂಗಡಿಯಿಂದ ಒಬ್ಬರು ತೆಂಗಿನಕಾಯಿ ಹಿಡಿದು ಮನೆಗೆ ಬಂದರು. "ಹ್ವಾಯ್, ನೀವ್ ನೀರ್ ಕಾಂಬುರಂಬ್ರಲೆ? ನಮ್ ಬಾವಿ ಪೂರಾ ಉಪ್ಪ್. ಹೊಸ ಬಾವಿಗೆ ಒಂದ್ ಜಾಗ ತೋರ್ಸಿ."

"ಅದ್ ಆ ನೀರಲ್ಲ," ಎಂದೆ.

"ಹಂಗಾರೆ ಯಾವ್ ನೀರ್?"

"ಹೇಳುಕಾತಿಲ್ಲೆ."

ಅದನ್ನು ಅವರು ವ್ರತ ಎಂದುಕೊಂಡು ಕೈ ಮುಗಿದರು. ತಪ್ಪಿಸಿಕೊಳ್ಳಲಾಗದೆ ಹೋಗಿ ಹಲಸಿನ ಮರದ ಬುಡ ತೋರಿಸಿಬಂದೆ. ಅಲ್ಲಿ ಸಿಹಿನೀರು ಬಂತು! ನನ್ನ ಇಡೀ ವೃತ್ತಿಯಲ್ಲಿ ಹೊರಗೆ ಹೇಳಿಕೊಳ್ಳಬಹುದಾದ ಸಾಧನೆ ಅದೊಂದೇ.

೪. ಬಣ್ಣ

ನಿವೃತ್ತನಾಗಿ ಬಂದ ಮಾರನೇ ಬೆಳಿಗ್ಗೆ ಅಮ್ಮ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಇಷ್ಟು ವರ್ಷ ಹೊತ್ತದ್ದು ಸಾಕಾಗಿತ್ತು. ಎದುರು ಕುಕ್ಕುರುಗಾಲಲ್ಲಿ ಕುಳಿತೆ.

"ಅಮ್ಮ, ನಿನ್ ಹತ್ರ ಒಂದ್ ಮಾತ್ ಮುಚ್ಚಿಟ್ಟಿದ್ದೆ."

ಅವಳು ತಲೆಯೆತ್ತಲಿಲ್ಲ. "ನೀರಿನಡಿಗೆ ಇದ್ದೆ ಅಂಬ್ದಾ?"

"ನಿಂಗ್ ಯಾರ್ ಹೇಳಿದ್?"

"ಯಾರ್ ಹೇಳ್ಕ್? ನಿನ್ನಪ್ಪ ಕಡಲಿಂದ ಬಪ್ಪತಿಗೆ ಕರ್ರಗಾಯಿ ಬತ್ತಿದ್ರ್. ನೀನ್ ಪ್ರತಿ ಸಲ ಬಿಳ್ಚ್ಕಂಡ್ ಬತ್ತಿದ್ದೆ. ನಲ್ವತ್ ವರ್ಷ ಮೀನ್ ಮಾರಿದವ್ಳಿಗೆ ಮೇಲ್ನೀರಿಂದ್ ಯಾವ್ದ್, ಅಡಿನೀರಿಂದ್ ಯಾವ್ದ್ ಗೊತ್ತಾತಿಲ್ಯಾ?"

"ಮತ್ತೆಂತಕೆ ಕೇಣ್ಲಿಲ್ಲ?"

"ಹೊರಟವ್ರನ್ ಕೇಂಬುಕಾಗ. ದೇವ್ರನ್ ಕೇಂತಿದ್ದೆ, ದಿನಾ." ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಆದರೂ ಮಾತು ಮುರಿದವನೆನಿಸಿಕೊಳ್ಳಲು ಮನಸ್ಸಾಗಲಿಲ್ಲ. "ನಾನ್ ದೋಣಿ ಹತ್ಲಿಲ್ಲಮ್ಮ. ಅದ್ರೊಳಗೆ ಇಳಿದದ್ದ್."

ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎದ್ದು ಹೋಗಿ ಒಂದು ಚಾಪೆ ತಂದು, ಒಣಮೀನಿನ ಸಾಲಿನ ಪಕ್ಕದಲ್ಲೇ ಹಾಸಿದಳು.

"ಬಣ್ಣ ಬಪ್ಪಲ್ಲಿವರೆಗೆ ಇಲ್ಲೇ ಬಿಸ್ಲಿಗೆ ಬಿದ್ಕೋ. ಹಾಂಗೇ ಮೀನ್ ಕಚ್ಚುಕೆ ಕಾಗೆ ಬಂದ್ರೆ ಓಡ್ಸ್."

ನಿವೃತ್ತಿಯ ನಂತರ ನನಗೆ ಸಿಕ್ಕ ಮೊದಲ ಉದ್ಯೋಗ ಅದು.