ಕಣ್ಣಿಗೆಳೆದ ಗೆರೆ

ಮೂರು ವರ್ಷ ಹಂಗಾಮಿಯಾಗಿ ದುಡಿದ ಮೇಲೆ ಚೀಟಿಯಕ್ಕನ ಕೆಲಸ ಖಾಯಂ ಆಗುವ ದಿನ ಬಂದಿತ್ತು. ಅದನ್ನು ಕೆಡಿಸಿದ್ದು ಬೆರಳುದ್ದದ ಒಂದು ಪೆನ್ಸಿಲ್.

ಕಣ್ಣಿನ ಆಸ್ಪತ್ರೆಯ ಬಾಗಿಲಲ್ಲಿ ಕೂತು, ಬಂದವರ ಹೆಸರು, ವಯಸ್ಸು, ಯಾವ ಕಣ್ಣು ಎಂದೆಲ್ಲ ಕೇಳಿ ಚೀಟಿ ಬರೆದುಕೊಡುವುದು ಅವಳ ಕೆಲಸ. ಅಡ್ಡಹೆಸರು ಬಂದದ್ದೂ ಅದರಿಂದಲೇ. ಖಾಯಂ ನೌಕರರಿಗೆ ಒರಗುವ ಕುರ್ಚಿ, ಹಂಗಾಮಿಯವರಿಗೆ ಸ್ಟೂಲು ಎಂಬುದು ಅಲ್ಲಿನ ನಿಯಮ. ಅವಳ ಬೆನ್ನಿಗೆ ಆ ನಿಯಮ ಚೆನ್ನಾಗಿ ಅರ್ಥವಾಗಿತ್ತು. ಹೋದ ವಾರ ಡಾಕ್ಟರು, "ಆರ್ಡರ್ ಟೈಪಾಗಿದೆ, ಸೋಮವಾರ ಸಹಿ ಹಾಕ್ತೀನಿ. ಬಾಗಿಲಲ್ಲಿ ಕೂರೋರ ಕಣ್ಣು ನೋಡಿದ್ರೇನೇ ಪೇಶೆಂಟಿಗೆ ಧೈರ್ಯ ಬರ್ಬೇಕಮ್ಮ" ಎಂದಿದ್ದರು. ಅವರೇನೋ ಮಾತಿಗೆ ಹೇಳಿದ್ದು. ಇವಳು ಅಂದಿನಿಂದ ವಾರವಿಡೀ ಕನ್ನಡಿ ಬಿಟ್ಟು ಕದಲಲಿಲ್ಲ.

ಕನ್ನಡಿ ಹೇಳಿದ್ದು ಸಾಲದೆಂದು ಪಕ್ಕದ ಮನೆಯಾಕೆಯನ್ನೂ ಕೇಳಿದಳು. ಆಕೆ ಊರಿನವರ ಕಷ್ಟಕ್ಕೆಲ್ಲ ತನ್ನ ಕೈಚೀಲದಲ್ಲಿ ಪರಿಹಾರ ಇಟ್ಟುಕೊಂಡು ತಿರುಗುವ ಹೆಂಗಸು. ಸೋಮವಾರ ಏಳು ಗಂಟೆಗೆಲ್ಲ ಬಂದು, ಕಂದು ಕಾಗದ ಸುತ್ತಿದ ಪೆನ್ಸಿಲ್ ಹೊರತೆಗೆದಳು.

"ಪೂರ್ತಿ ಆರ್ಗ್ಯಾನಿಕ್ ಕಣ್ರೀ. ಬಾದಾಮಿ ಸುಟ್ಟ ಮಸಿ, ಹರಳೆಣ್ಣೆ, ಜೇನುಮೇಣ, ಅಷ್ಟೇ. ನನ್ ವಾಕಿಂಗ್ ಗೆಳತಿ ಒಬ್ರು ಮನೇಲೇ ಮಾಡ್ತಾರೆ. ಓದಿದೋರು, ಅನುಕೂಲಸ್ಥರು. ಕೆಮಿಕಲ್ ಅನ್ನೋ ಮಾತೇ ಇಲ್ಲ."

ಕಾಗದದ ಮೇಲೆ ಹಸಿರು ಶಾಯಿಯಲ್ಲಿ, ಮುದ್ದಾದ ಅಕ್ಷರದಲ್ಲಿ, 'ಹಸುಗೂಸಿನ ಕಣ್ಣಿಗೂ ಹಿತ' ಎಂದು ಬರೆದಿತ್ತು. ಚೀಟಿಯಕ್ಕ ಬುದ್ಧಿವಂತೆ. ಮೊದಲು ಮುಂಗೈ ಮೇಲೆ ಗೆರೆ ಎಳೆದು ಐದು ನಿಮಿಷ ಕಾದಳು. ಮುಂಗೈಗೆ ಏನೂ ಆಗಲಿಲ್ಲ. ಮೆಣಸಿನಪುಡಿ ಹಚ್ಚಿದ್ದರೂ ಮುಂಗೈಗೆ ಏನೂ ಆಗುತ್ತಿರಲಿಲ್ಲ ಎಂಬುದು ಆಗ ಹೊಳೆಯಲಿಲ್ಲ. ಪಕ್ಕದ ಮನೆಯಾಕೆ ಅವಳ ಗಲ್ಲ ಹಿಡಿದು ಎರಡೂ ಕಣ್ಣಿಗೆ ಗೆರೆ ಎಳೆದು, ಪೆನ್ಸಿಲನ್ನು ಅವಳ ಬ್ಯಾಗಿಗೇ ಹಾಕಿದಳು. ತಾನು ಮಾತ್ರ ಹಚ್ಚಿಕೊಂಡಿರಲಿಲ್ಲ.

ಕನ್ನಡಿಯಲ್ಲಿ ಕಣ್ಣು ನಿಜಕ್ಕೂ ಚೆನ್ನಾಗಿ ಕಂಡವು. ಹತ್ತು ವರ್ಷ ಹಿಂದಿನ ತನ್ನನ್ನೇ ನೋಡಿದಂತಾಗಿ ಚೀಟಿಯಕ್ಕನಿಗೆ ಬಹಳ ಸಂತೋಷವಾಯಿತು. ಗಂಡ ಪೇಪರಿನಿಂದ ತಲೆಯೆತ್ತಿ, ರಾತ್ರಿ ನಿದ್ದೆ ಬರಲಿಲ್ಲವೇ ಎಂದು ಕೇಳಿದ. ಅವಳು ಬ್ಯಾಗು ಹೆಗಲಿಗೇರಿಸಿ ಬಸ್ಸಿಗೆ ಹೊರಟಳು.

ಬಸ್ಸಿನಲ್ಲಿ ತುರಿಕೆ ಶುರುವಾಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಉರಿ. ಸ್ಟೂಲಿನ ಮೇಲೆ ಕೂರುವಷ್ಟರಲ್ಲಿ ಎರಡೂ ಕೆನ್ನೆಯ ಮೇಲೆ ಕರೀ ನೀರು ಇಳಿಯುತ್ತಿತ್ತು. ನರ್ಸಮ್ಮ ಓಡಿಬಂದು ತಬ್ಬಿಕೊಂಡು, ಗಂಡ ಏನು ಮಾಡಿದ ಎಂದು ಕೇಳಿದಳು. ಏನೂ ಮಾಡಿಲ್ಲ ಎಂದರೆ, ಪಾಪ ಎಷ್ಟು ಒಳ್ಳೆಯವಳು, ಈಗಲೂ ಅವನನ್ನು ಬಿಟ್ಟುಕೊಡುತ್ತಿಲ್ಲ ಎಂದು ತಾನೂ ಎರಡು ಹನಿ ಸುರಿಸಿದಳು. ಕನ್ನಡಕ ಮಾರುವವನು ತನಗೆ ಗೊತ್ತಿರುವ ಒಳ್ಳೆಯ ವಕೀಲರ ನಂಬರು ಬರೆದುಕೊಟ್ಟ. ಹತ್ತು ನಿಮಿಷದಲ್ಲಿ ಚೀಟಿಯಕ್ಕನ ಸಂಸಾರ ಆಸ್ಪತ್ರೆಯ ತುಂಬ ಮುರಿದುಬಿದ್ದಿತ್ತು.

ಅವಳು ಬಚ್ಚಲಿಗೆ ಹೋಗಿ ಕೈ ತೊಳೆಯುವ ಸೋಪಿನಿಂದ ಕಣ್ಣು ಉಜ್ಜಿದಳು. ಕಪ್ಪೆಲ್ಲ ಹೋಯಿತು. ಉಳಿದದ್ದು ಕೆಂಡದಂಥ ಎರಡು ಕಣ್ಣು, ಅದರ ಮೇಲೆ ಊದಿದ ರೆಪ್ಪೆ. ಆ ಮುಖದಲ್ಲೇ ಬಂದು ಮುಂದಿನ ಮುದುಕರಿಗೆ, "ಯಾವ ಕಣ್ಣು, ಅಜ್ಜ?" ಎಂದಳು. ಅಜ್ಜ ಚೀಟಿಯನ್ನು ಎರಡೇ ಬೆರಳಲ್ಲಿ ಹಿಡಿದು, "ನಿಂಗೆ ಇದು ಇಲ್ಲಿಗೆ ಬಂದ್ಮೇಲೆ ಆಯ್ತಾ, ಮೊದ್ಲೇ ಇತ್ತಾ?" ಎಂದು ಕೇಳಿದರು. ಬೆಂಚಿನ ಮೇಲಿದ್ದ ಹನ್ನೊಂದು ಜನರಲ್ಲಿ ಏಳು ಜನಕ್ಕೆ ಮನೆಯಲ್ಲಿ ಕೆಲಸವಿರುವುದು ಒಟ್ಟಿಗೇ ನೆನಪಾಯಿತು.

ಡಾಕ್ಟರು ಒಳಗೆ ಕರೆದು ಟಾರ್ಚ್ ಬಿಟ್ಟು ನೋಡಿದರು. "ಏನಾದ್ರೂ ಹಚ್ಕೊಂಡ್ಯಾ?"

ವೈದ್ಯರು ಹೇಳದ್ದನ್ನು ಕಣ್ಣಿಗೆ ಹಾಕಬಾರದು ಎಂಬ ಬೋರ್ಡು ಅವರ ತಲೆಯ ಹಿಂದೆಯೇ ಇತ್ತು. ದಿನಕ್ಕೆ ನಲವತ್ತು ಜನಕ್ಕೆ ಅದೇ ಮಾತು ಹೇಳಿ ಒಳಗೆ ಕಳಿಸುವವಳು ಇವಳೇ. ಸಹಿಯಾಗಬೇಕಾದ ಆರ್ಡರು ಮೇಜಿನ ಮೇಲಿತ್ತು. ಚೀಟಿಯಕ್ಕ ಇಲ್ಲ ಎಂದಳು. ಹಾಗೆಂದದ್ದಕ್ಕೆ ಡಾಕ್ಟರ ಮುಖ ನಿರಾಳವಾದಂತೆ ಕಂಡಿತು.

"ಹಾಗಾದ್ರೆ ಸೋಂಕು" ಎಂದರು ಅವರು. ಬಾಗಿಲು, ಬೆಂಚು ಎಲ್ಲವನ್ನೂ ಔಷಧಿ ನೀರಿನಲ್ಲಿ ಒರೆಸಲು ಹೇಳಿದರು. ಅಂಟುರೋಗ ಬಂದವರನ್ನು ಆರು ತಿಂಗಳು ನೋಡದೆ ಖಾಯಂ ಮಾಡುವಂತಿಲ್ಲ ಎನ್ನುತ್ತ ಆರ್ಡರನ್ನು ಡ್ರಾಯರಿಗೆ ಹಾಕಿದರು.

ಡ್ರಾಯರು ಮುಚ್ಚಿದ ಸದ್ದು ಕೇಳಿದ್ದೇ ಚೀಟಿಯಕ್ಕ ಬ್ಯಾಗಿಗೆ ಕೈ ಹಾಕಿದಳು. ಮರ್ಯಾದೆ ಹೋದರೆ ಹೋಗಲಿ, ಕೆಲಸ ಉಳಿಯಲಿ ಎಂದುಕೊಂಡು, ಸುಳ್ಳು ಹೇಳಿದ್ದನ್ನು ಒಪ್ಪಿ, ಬ್ಯಾಗಿನಿಂದ ಪೆನ್ಸಿಲ್ ತೆಗೆದು ಮುಂದಿಟ್ಟಳು. ಇದು ರೋಗವಲ್ಲ, ಬರೀ ಪೆನ್ಸಿಲಿನ ಉರಿ, ಯಾರಿಗೂ ಅಂಟುವುದಿಲ್ಲ ಎಂದು ಕೈಮುಗಿದಳು.

ಡಾಕ್ಟರು ಹಸಿರು ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡು, ಎದ್ದು ಹೋಗಿ ಒಳಕೋಣೆಯ ಪರದೆಯನ್ನು ಒಂಚೂರು ಸರಿಸಿದರು. ಮಂಚದ ಮೇಲೆ ಅವರ ಹೆಂಡತಿ, ಎರಡೂ ಕಣ್ಣಿಗೆ ಒದ್ದೆ ಹತ್ತಿ ಇಟ್ಟುಕೊಂಡು ಮಲಗಿದ್ದರು.

"ಯಾರ್ರೀ ಅದು? ಆ ಬಾಗಿಲಲ್ಲಿ ಕೂರೋಳಾ? ಹತ್ರ ಬಿಡ್ಬೇಡಿ ಅವಳನ್ನ."

ಡಾಕ್ಟರು ಪರದೆ ಎಳೆದು, ಮೆಲ್ಲಗೆ ಬಂದು ಕೂತರು.

"ಇವಳೇ ಮನೇಲಿ ಮಾಡಿ ನಲವತ್ತು ಜನಕ್ಕೆ ಕೊಟ್ಟಿದಾಳಮ್ಮ ಇದನ್ನ" ಎಂದು ಪಿಸುಗುಟ್ಟಿದರು. "ನಿನ್ನೆಯಿಂದ ಅವಳಿಗೂ ಹೀಗೇ. ಇದು ಸೋಂಕು ಅಂತ ನಮ್ಮನೇಲಿ ನಿನ್ನೇನೇ ತೀರ್ಮಾನ ಆಯ್ತು. ಯಾರಿಂದ ಅಂತ ಗೊತ್ತಿರ್ಲಿಲ್ಲ. ಈಗ ನರ್ಸಮ್ಮ ಬಂದು ನಿನ್ ಕಣ್ಣಿನ ವಿಷ್ಯ ಹೇಳಿದ್ಲು. ಅದೂ ತೀರ್ಮಾನ ಆಯ್ತು."

"ನಾನು ಹಚ್ಕೊಂಡಿದ್ದು ಇವತ್ತು ಬೆಳಿಗ್ಗೆ ಸರ್. ಅವರಿಗೆ ನಿನ್ನೆ ಬಂದಿದ್ದು ನನ್ನಿಂದ ಹೇಗೆ ಸರ್?"

"ಅದನ್ನ ನಾನೂ ಕೇಳ್ದೆ ಕಣಮ್ಮ" ಎಂದರು ಡಾಕ್ಟರು, ಪರದೆಯ ಕಡೆ ಒಮ್ಮೆ ನೋಡಿ. "ಒಂದೇ ಸಲ ಕೇಳ್ದೆ."

ಆಮೇಲೆ ಒಂದು ಚೀಟಿ ಎಳೆದುಕೊಂಡು ಅವಳ ಹೆಸರು, ವಯಸ್ಸು, ಎರಡೂ ಕಣ್ಣು, ಅಂಟುರೋಗ ಎಂದು ತಾವೇ ಬರೆದರು. ಮೂರು ವರ್ಷದಿಂದ ಅವಳು ಕಾದಿದ್ದ ಸಹಿಯನ್ನು ಅದರ ಕೆಳಗೆ ಹಾಕಿಕೊಟ್ಟರು.