ಮಾಲಕನ್ನ ಬಿಡಬ್ಯಾಡ

ಎಲ್ಲಕ್ಕೂ ಕಾರಣ ಒಂದು ಎಮ್ಮೆ. ಕೊಡೇಕಲ್ಲಿಗೆ ಹೋಗಿ ವಾಪಸ್ ಬರುವಾಗ ಹುಣಸಗಿ ದಾಟಿದ ಮೇಲೆ ಅದು ನಡುರಸ್ತೆಯಲ್ಲಿ ನಿಂತು, ಯಾವ ಕಡೆ ಹೋಗಲಿ ಎಂದು ಯೋಚಿಸಿತು. ಕಾರು ಓಡಿಸುತ್ತಿದ್ದ ರಾಮಲಿಂಗನೂ ಅದನ್ನೇ ಯೋಚಿಸಿದ. ಎಮ್ಮೆ ಸರಿಯಾದ ಕಡೆ ಹೋಯಿತು, ಕಾರು ಕಾಲುವೆಯ ಕಟ್ಟೆಗೆ ಹೋಯಿತು. ಮುಂದೆ ಕೂತಿದ್ದ ಅವನ ಅಕ್ಕನ ಗಂಡ ಯಂಕಣ್ಣನ ಬಲಗೈ ಮುರಿಯಿತು. ಹಿಂದೆ ಕೂತಿದ್ದ ನೆರೆಮನೆಯ ಅಮೃತಮ್ಮನ ಮೊಣಕಾಲು ಕುಂಬಳಕಾಯಿಯಂತೆ ಊದಿತು.

ಯಂಕಣ್ಣ ಸುರಪುರದ ಹೈಸ್ಕೂಲೊಂದರಲ್ಲಿ ಗಂಟೆ ಹೊಡೆಯುವ ಜವಾನ. ಆಪರೇಷನ್ ಮಾಡಿ ರಾಡ್ ಹಾಕದಿದ್ದರೆ ಆ ಕೈ ಮತ್ತೆ ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೆ ಬೇಕಾದಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಎಡಗೈಯಲ್ಲಿ ಹೊಡೆದ ಗಂಟೆಯ ಗುರುತು ಸಿಗದೆ ನಿನ್ನೆ ಮಕ್ಕಳು ಊಟಕ್ಕೇ ಎದ್ದಿರಲಿಲ್ಲ. ಅವನಿಗೆ ನಿಜವಾಗಿ ಅಳು ಬಂದಿತ್ತು.

ಬೆಳಿಗ್ಗೆ ಚಹಾದಂಗಡಿಯಲ್ಲಿ ಇದ್ದವರೆಲ್ಲ ವಕೀಲರಾದರು. ಗಾಡಿಯಲ್ಲಿ ಕೂತವನಿಗೂ ಪರಿಹಾರ ಕೇಳುವ ಹಕ್ಕಿದೆ, ಮಾಲೀಕನ ಮೇಲೆ ಕೇಸ್ ಹಾಕಿದರೆ ಇನ್ಶೂರೆನ್ಸಿನವರು ಕೊಡುತ್ತಾರೆ ಎಂದು ಕಪ್ಪು ತೊಳೆಯುವವನೂ ಹೇಳಿದ. ಯಂಕಣ್ಣ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದ.

"ಹಾಕ್ರಿ, ಯಾರ್ ಬ್ಯಾಡಂತಾರ," ಎಂದಳು ದುರ್ಗಾದೇವಿ. "ನನ್ನ ತಮ್ಮನ ಹೆಸರು ಕಾಗದದಾಗ ಬಂತಂದ್ರ, ನಾಳಿಂದ ರೊಟ್ಟಿ ನೀವ ಬಡೀರಿ. ಒಂದ ಕೈಲೆ."

ಯಂಕಣ್ಣ ಅಂಜುತ್ತಲೇ ರಾಮಲಿಂಗನಿಗೆ ಫೋನ್ ಮಾಡಿದ.

"ಮಾವ, ಗಾಡಿ ನನ್ನ ಹೆಸರಿನಾಗ ಇಲ್ಲ. ಮಾಲಕ ಬ್ಯಾರೆ ಅದಾನ," ಎಂದ ರಾಮಲಿಂಗ. "ಭಾಳ ಚಲೋ ಮನಷ್ಯಾ," ಎಂದು ಸೇರಿಸಿದ. ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಯಂಕಣ್ಣನ ಎದೆ ಹಗುರಾಯಿತು, ತಲೆಯೊಳಗೆ ಹುಳ ಹೊಕ್ಕಿತು. ಯಾರಿರಬಹುದು ಈ ಮಾಲೀಕ? ಶಹಾಪುರದ ಹತ್ತಿ ವ್ಯಾಪಾರಿಯೇ? ಯಾದಗಿರಿಯ ಕಂತ್ರಾಟದಾರನೇ? ಯಾರಾದರೂ ಸರಿ, ಹೆಂಡತಿಯ ತಮ್ಮನಲ್ಲವಲ್ಲ. ಪರೋಪಕಾರ ಬುದ್ಧಿ ಬೇರೆ ಕೆರಳಿ, ಅಮೃತಮ್ಮನನ್ನೂ ಆಟೋದಲ್ಲಿ ಕೂರಿಸಿಕೊಂಡು ಗಯಾಸ ವಕೀಲರ ಬಳಿಗೆ ಹೊರಟ. ಗುರುತಿಲ್ಲದವರ ಮೇಲೆ ಕೇಸ್ ಯಾಕೆ ಎಂದು ಆಕೆ ಹಿಂಜರಿದಳು.

"ಗುರ್ತಿಲ್ಲದವರಾದ್ರ ಚಲೋನ ಆತಲ್ಲ, ಅಕ್ಕ," ಎಂದು ಯಂಕಣ್ಣ ಧೈರ್ಯ ತುಂಬಿದ. "ಮಾಲಕನ್ನ ಮಾತ್ರ ಬಿಡಬ್ಯಾಡ."

ವಕೀಲರ ಮುಂದೆಯೂ ಅವನು ದೊಡ್ಡ ಮನಸ್ಸು ಮಾಡಿ, ಮೊದಲು ಹೆಣ್ಣುಮಕ್ಕಳದ್ದಾಗಲಿ ಎಂದ. ಅಮೃತಮ್ಮ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿ, ಕಾಲು ಚಾಚಲು ಹೊರಗಿನ ಬೆಂಚಿಗೆ ಹೋದಳು.

ಈ ಗಾಡಿಗೂ ನಿಮಗೂ ಏನು ಸಂಬಂಧ ಎಂದು ವಕೀಲರು ಯಂಕಣ್ಣನನ್ನು ಕೇಳಿದರು. ಏನೂ ಇಲ್ಲ, ಮೂರು ವರ್ಷದ ಹಿಂದೆ ರಾಮಲಿಂಗ ಕೇಳಿದನೆಂದು ಅದರ ಸಾಲಕ್ಕೆ ಜಾಮೀನು ನಿಂತಿದ್ದೆ, ಟಿಕ್ ಹಾಕಿದ ಕಡೆಯೆಲ್ಲ ಸಹಿ ಮಾಡಿಕೊಟ್ಟಿದ್ದೆ, ಅಷ್ಟೇ ಎಂದ. ಆಮೇಲೆ ತನ್ನ ಜಾಣತನವೂ ಗೊತ್ತಾಗಲಿ ಎಂದು, ಈಗೀಗ ಕಾರಿನ ವಿಮೆ ಮುಗಿಯಿತೆಂದು ಕಳ್ಳರು ಮೆಸೇಜ್ ಕಳಿಸುತ್ತಾರೆ, ಕಾರೇ ಇಲ್ಲದ ತಾನು ಎಲ್ಲವನ್ನೂ ಅಳಿಸಿಹಾಕುತ್ತೇನೆ ಎಂದೂ ಹೇಳಿದ.

ಅಷ್ಟರಲ್ಲಿ ಗುಮಾಸ್ತ ಠಾಣೆಯಿಂದ ತಂದ ಗಾಡಿಯ ಕಾಗದವನ್ನು ವಕೀಲರು ಬಿಚ್ಚಿದರು. ಕಾಗದ ನೋಡಿದರು, ಯಂಕಣ್ಣನನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ನೀವು ಜಾಮೀನು ನಿಂತಿಲ್ರಿ. ಪಗಾರ ಇದ್ದವರಿಗೆ ಸಾಲ ಲಗೂನ ಸಿಗ್ತದಂತ ಗಾಡಿನ ನಿಮ್ಮ ಹೆಸರಿಗೆ ಮಾಡ್ಯಾರ. ಮಾಲಕರು ನೀವ. ಅಳಿಸಿದ ಮೆಸೇಜೂ ಖರೇವ. ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗ್ಯದ."

ಯಂಕಣ್ಣ ಮುರಿದ ಕೈಯನ್ನು ಎಡಗೈಯಿಂದ ತೋರಿಸಿದ. "ಹಂಗಾರ ನನ್ನ ಕೈ?"

"ನಿಮ್ಮ ಮ್ಯಾಲ ನೀವ ಕೇಸ್ ಹಾಕ್ಕೊಳ್ಳಾಕ ಬರಂಗಿಲ್ರಿ. ಕೇಸ್ ಹಾಕೂದಾದ್ರ ಉಳಿದವ ಗಾಡಿ ಹೊಡೆದಾವ ಒಬ್ಬನ." ಯಂಕಣ್ಣನ ಕಣ್ಣ ಮುಂದೆ ರೊಟ್ಟಿ ಹಿಟ್ಟು ನಾದುವ ಪರಾತ ಬಂದು ನಿಂತಿತು. ವಕೀಲರು ಮೆಲ್ಲಗೆ ಮುಂದುವರಿಸಿದರು: "ಅಮೃತಮ್ಮನವರಿಗೆ ಮಾತ್ರ ಮಾಲಕ ಕೊಡಬೇಕಾಗ್ತದ. ಅವರ ವಕಾಲತ್ತು ನಾ ತಗೊಂಡೀನಿ, ನೀವು ಬ್ಯಾರೆ ವಕೀಲರ್ನ ನೋಡ್ಕೋರಿ."

ಹೊರಗೆ ಅಮೃತಮ್ಮ ಎದ್ದು ನಿಂತು, ಅವನ ಎಡಭುಜಕ್ಕೆ ಭಾರ ಹಾಕಿದಳು. ಈಗ ಆಕೆಗೂ ಕುತೂಹಲ ಹತ್ತಿತ್ತು.

"ಮಾಲಕ ಯಾರಂತೋ ತಮ್ಮ? ನೀ ಹೇಳಿದಂಗ ಅವನ್ನ ನಾ ಬಿಡಂಗಿಲ್ಲ ನೋಡು."

ಯಂಕಣ್ಣ ಆಟೋ ಎಲ್ಲಿದೆಯೆಂದು ಆಚೆ ನೋಡಿದ.

"ಭಾಳ ಚಲೋ ಮನಷ್ಯಾ ಅಂತ, ಅಕ್ಕ," ಎಂದ.